ಮನೆಯ ಕಂಪ್ಯೂಟರಿನ ನಿಸ್ತಂತು ಸಂಪರ್ಕ: ದೋಷವನ್ನು ಗುರುತಿಸುವ ಬಗೆ

ಮಾಸಿಕ ಜಿಎಸ್‌ಟಿಆರ್-3ಬಿ ನಮೂನೆಯನ್ನು 20ನೆಯ ತಾರೀಖಿನೊಳಗೆ ಸಲ್ಲಿಸಬೇಕಾದ ವರ್ತಕರಲ್ಲಿ ಅನೇಕರು ಆ ಕಾರ್ಯವನ್ನು ಅಂಗಡಿ ಮುಚ್ಚಿದ ಬಳಿಕ ಮನೆಯಲ್ಲಿಯೇ ಮುಗಿಸುತ್ತಾರೆ. ಆ ಹೊತ್ತಿಗೆ ವೈ-ಫೈ ಕೈಕೊಟ್ಟು ಗಡುವು ತಪ್ಪಿದರೆ, ತೆರಿಗೆ ಕೊಡಬೇಕಾದವರಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇಕಡ 18ರ ಬಡ್ಡಿ ಬೇರೆ.

ದೋಷ ಎಲ್ಲಿದೆಯೆಂಬುದನ್ನು ಮೊದಲು ತಿಳಿಯಬೇಕು. ರೂಟರಿನಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲನ್ನು ನೇರವಾಗಿ ಜೋಡಿಸಿ ನೋಡಿರಿ. ಆಗಲೂ ಅಂತರಜಾಲ ತೆರೆಯದಿದ್ದಲ್ಲಿ ದೋಷವು ಬಹುಮಟ್ಟಿಗೆ ಹೊರಗಿನ ಮಾರ್ಗದಲ್ಲಿ ಇಲ್ಲವೆ ರೂಟರಿನಲ್ಲಿ ಇರುತ್ತದೆ. ಸೇವಾದಾರರಿಗೆ ದೂರು ಕೊಡುವುದೇ ಸರಿ. ಕೇಬಲಿನ ಮೂಲಕ ತೆರೆದರೆ ತೊಡಕು ನಿಸ್ತಂತು ಭಾಗದ್ದು. ಈ ಪರೀಕ್ಷೆ ಮಾಡದೆ ಹೊಸ ರೂಟರ್ ಕೊಳ್ಳುವುದು ವ್ಯರ್ಥ ವೆಚ್ಚ.

ಸಂಪರ್ಕವಾಗಿದೆಯೆಂದು ತೋರಿಯೂ ಪುಟ ತೆರೆಯದಿದ್ದರೆ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಆದೇಶ ನೀಡಿರಿ. ವೈ-ಫೈ ಸಾಲಿನಲ್ಲಿ 169.254ರಿಂದ ಆರಂಭವಾಗುವ ವಿಳಾಸ ಕಂಡರೆ, ರೂಟರಿನಿಂದ ಕಂಪ್ಯೂಟರಿಗೆ ವಿಳಾಸ ದೊರೆತಿಲ್ಲವೆಂದೇ ಅರ್ಥ. ರೂಟರನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಿ, ಆ ಜಾಲದ ಹೆಸರನ್ನು ಪಟ್ಟಿಯಿಂದ ತೆಗೆದು, ಪಾಸ್‌ವರ್ಡನ್ನು ಹೊಸದಾಗಿ ನಮೂದಿಸಬೇಕು.

ವೇಗ ಕುಂದುವುದಕ್ಕೆ ಕಾರಣ ಬೇರೆ. 2.4 ಗಿಗಾಹರ್ಟ್ಸ್ ತರಂಗವು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. ಆದರೆ ನೆರೆಮನೆಗಳ ರೂಟರುಗಳೂ ಮೈಕ್ರೋವೇವ್ ಒಲೆಯೂ ಅಲ್ಲಿಯೇ ನುಗ್ಗುತ್ತವೆ. 1, 6, 11ನೆಯ ಚಾನೆಲುಗಳು ಪರಸ್ಪರ ಅಡ್ಡಬರುವುದಿಲ್ಲವಾದ್ದರಿಂದ ಅವುಗಳಲ್ಲಿ ದಟ್ಟಣೆ ಕಡಿಮೆಯಿರುವುದನ್ನು ಆರಿಸಬೇಕು. ಒಂದೇ ಕೋಣೆಯೊಳಗಾದರೆ 5 ಗಿಗಾಹರ್ಟ್ಸ್ ಉತ್ತಮ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಡುವ ರೂಢಿ ಮಾತ್ರ ಬೇಡ. ಲೋಹವು ತರಂಗವನ್ನು ತಡೆಯುತ್ತದೆ.