ಗಾಯ ಮಾಯುವಿಕೆ ಮತ್ತು ಪೆಪ್ಟೈಡುಗಳು: ಒಂದು ತುಲನೆ

ತನಗಾದ ಗಾಯವನ್ನು ತಾನೇ ವಾಸಿಮಾಡಿಕೊಳ್ಳುವುದು ಜೀವಿಗಳ ಸಹಜ ಶಕ್ತಿ. ಗಾಯವಾದೊಡನೆ ರಕ್ತವು ಹೆಪ್ಪುಗಟ್ಟುತ್ತದೆ. ಬಳಿಕ ಉರಿಯೂತವುಂಟಾಗಿ ಬಿಳಿಯ ರಕ್ತಕಣಗಳು ಆ ಭಾಗವನ್ನು ಶುದ್ಧಗೊಳಿಸುತ್ತವೆ. ಅನಂತರ ಹೊಸ ರಕ್ತನಾಳಗಳೂ ಕೊಲಾಜೆನ್ ತಂತುಗಳೂ ಹುಟ್ಟುತ್ತವೆ. ಕೊನೆಗೆ ಈ ತಂತುಗಳು ತಿಂಗಳುಗಟ್ಟಲೆ ಕಾಲ ಮರುಜೋಡಣೆಗೊಂಡು ಬಲಗೊಳ್ಳುತ್ತವೆ. ಚರ್ಮವು ಬೇಗ ಮಾಯುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಅಲ್ಪವಾದುದರಿಂದ ಅದು ಬಹು ನಿಧಾನವಾಗಿ ಕೂಡಿಕೊಳ್ಳುತ್ತದೆ. ಆಟದ ಬಯಲಿಗೆ ಬೇಗ ಮರಳಬೇಕೆಂಬ ತರುಣರು ಹೊಸ ಔಷಧಗಳತ್ತ ಕಣ್ಣುಹಾಯಿಸುವುದು ಈ ಕಾರಣದಿಂದಲೇ. ಅಂಥವುಗಳಲ್ಲಿ ಪೆಪ್ಟೈಡುಗಳು ಮುಖ್ಯವಾದವು.

ಅಮೈನೊ ಆಮ್ಲಗಳು ಹೂಗಳಂತೆ ಒಂದಕ್ಕೊಂದು ಪೋಣಿಸಲ್ಪಟ್ಟಾಗ ಉಂಟಾಗುವ ಕಿರುಮಾಲೆಯೇ ಪೆಪ್ಟೈಡು. ಮಾಲೆಯು ಬಹಳ ಉದ್ದವಾದರೆ ಅದು ಪ್ರೋಟೀನು ಎನಿಸಿಕೊಳ್ಳುತ್ತದೆ. ಮಧುಮೇಹಿಗಳಿಗೆ ಸಂಜೀವಿನಿಯಾದ ಇನ್ಸುಲಿನ್‌ನಲ್ಲಿ ೫೧ ಅಮೈನೊ ಆಮ್ಲಗಳಿವೆ. ಜೀವಕೋಶಗಳ ನಡುವೆ ಸಂದೇಶ ಒಯ್ಯುವುದು ಅನೇಕ ಪೆಪ್ಟೈಡುಗಳ ಕಾರ್ಯ. ಗಾಯ ಮಾಯಿಸುವುವೆಂದು ಹೆಸರಾದ ಮೂರನ್ನು ಇಲ್ಲಿ ಹೋಲಿಸಿ ನೋಡಬಹುದು.

ಮೊದಲನೆಯದು ಬಿಪಿಸಿ-೧೫೭. ಇದರಲ್ಲಿ ೧೫ ಅಮೈನೊ ಆಮ್ಲಗಳಿವೆ. ಮನುಷ್ಯನ ಜಠರರಸದ ಒಂದು ಪ್ರೋಟೀನಿನಿಂದ ಇದು ಬಂದುದೆಂದು ಇದರ ಸಂಶೋಧಕರ ಹೇಳಿಕೆ. ಕ್ರೊಯೇಷಿಯ ದೇಶದ ಜಾಗ್ರೆಬ್ ನಗರದಲ್ಲಿ ೧೯೯೦ರ ದಶಕದಿಂದ ಇದರ ಅಧ್ಯಯನ ನಡೆದಿದೆ. ಹಿಮ್ಮಡಿಯ ರಜ್ಜುವನ್ನು ಕತ್ತರಿಸಿದ ಇಲಿಗಳಲ್ಲಿ ಅದು ಬೇಗ ಕೂಡಿಕೊಂಡಿತೆಂಬ ವರದಿಗಳಿವೆ. ಆದರೆ ಇವುಗಳಲ್ಲಿ ಬಹುಪಾಲು ಒಂದೇ ಸಂಶೋಧಕ ತಂಡದವು. ಮನುಷ್ಯರ ಮೇಲಿನ ಪರೀಕ್ಷೆಗಳು ವಿರಳ ಮತ್ತು ಕಿರಿದು.

ಎರಡನೆಯದು ಥೈಮೊಸಿನ್ ಬೀಟಾ-೪. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯಿಂದ ಬೇರ್ಪಡಿಸಲಾದ ಇದರಲ್ಲಿ ೪೩ ಅಮೈನೊ ಆಮ್ಲಗಳಿದ್ದು, ಅವುಗಳ ಕ್ರಮವು ೧೯೮೧ರಲ್ಲಿ ಪ್ರಕಟವಾಯಿತು. ಜೀವಕೋಶದ ಚಲನೆಗೆ ಆಧಾರವಾದ ಆಕ್ಟಿನ್ ಎಂಬ ಪ್ರೋಟೀನಿಗೆ ಇದು ಅಂಟಿಕೊಳ್ಳುತ್ತದೆ. ಕೋಶಗಳು ಗಾಯದೆಡೆಗೆ ಸರಿಯಲು ನೆರವಾಗುತ್ತದೆ. ಕಣ್ಣಿನ ಹನಿಯ ರೂಪದಲ್ಲಿ ಇದನ್ನು ಮನುಷ್ಯರಲ್ಲಿಯೂ ಪರೀಕ್ಷಿಸಲಾಗಿದೆ. ಟಿಬಿ-೫೦೦ ಎಂಬ ಹೆಸರಿನ ಕೃತಕ ವಸ್ತು ಇದಕ್ಕೆ ಸಂಬಂಧಿಸಿದುದು.

ಮೂರನೆಯದು ಕೇವಲ ೩ ಅಮೈನೊ ಆಮ್ಲಗಳ ಜಿಎಚ್‌ಕೆ. ಲೋರೆನ್ ಪಿಕಾರ್ಟ್ ಎಂಬ ವಿಜ್ಞಾನಿ ೧೯೭೩ರಲ್ಲಿ ಇದನ್ನು ಮನುಷ್ಯನ ರಕ್ತರಸದಲ್ಲಿ ಗುರುತಿಸಿದನು. ತಾಮ್ರದೊಡನೆ ಕೂಡಿದ ಇದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ ಕೊಲಾಜೆನ್ ಉತ್ಪತ್ತಿಯನ್ನು ಹೆಚ್ಚಿಸಿತು. ಇಂದು ಇದರ ಬಳಕೆ ಹೆಚ್ಚಾಗಿ ಚರ್ಮದ ಲೇಪನಗಳಲ್ಲಿ.

ಹೀಗೆ ಒಂದರ ಆಧಾರ ಇಲಿಗಳಲ್ಲಿ, ಒಂದರದು ಕೋಶಗಳ ಚಲನೆಯಲ್ಲಿ, ಇನ್ನೊಂದರದು ಚರ್ಮದಲ್ಲಿ. ಮನುಷ್ಯನ ಹರಿದ ರಜ್ಜುವನ್ನು ಇವು ಕೂಡಿಸುವುವೆಂಬುದಕ್ಕೆ ದೃಢವಾದ ಪ್ರಮಾಣ ಮೂರರಲ್ಲಿಯೂ ಇಲ್ಲ. ಹಾಗಾದರೆ ಪ್ರಮಾಣವೆಂದರೇನು?

ಇದಕ್ಕೆ ಬೆಕಾಪ್ಲರ್ಮಿನ್ ಉತ್ತಮ ನಿದರ್ಶನ. ಇದು ಪೆಪ್ಟೈಡಿಗಿಂತ ದೊಡ್ಡದಾದ ಪ್ರೋಟೀನು. ಮಧುಮೇಹಿಗಳ ಪಾದದ ಹುಣ್ಣಿಗೆ ಹಚ್ಚುವ ಲೇಪನವಾಗಿ ೧೯೯೭ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ೩೮೨ ರೋಗಿಗಳ ಪರೀಕ್ಷೆಯೊಂದರಲ್ಲಿ ಹೆಚ್ಚಿನ ಪ್ರಮಾಣದ ಔಷಧ ಹಚ್ಚಿದವರ ಪೈಕಿ ನೂರಕ್ಕೆ ೫೦ ಮಂದಿಯ ಹುಣ್ಣು ಪೂರ್ಣವಾಗಿ ಮಾಯಿತು. ಔಷಧವಿಲ್ಲದ ಬರಿಯ ಲೇಪನ ಹಚ್ಚಿದವರಲ್ಲಿಯೂ ನೂರಕ್ಕೆ ೩೫ ಮಂದಿ ಗುಣಹೊಂದಿದರು! ವಿದ್ಯಾರ್ಥಿಗಳು ಈ ಎರಡನೆಯ ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು. ದೇಹವು ತಾನಾಗಿಯೇ ವಾಸಿಯಾಗುವುದರಿಂದ, 'ಔಷಧ ಕೊಂಡೆ, ಗುಣವಾಯಿತು' ಎಂಬ ಮಾತು ಸಾಕ್ಷ್ಯವಾಗಲಾರದು. ಔಷಧ ಕೊಳ್ಳದ ಮತ್ತೊಂದು ಗುಂಪಿನೊಡನೆ ಹೋಲಿಸಿದಾಗಲೇ ಸತ್ಯವು ಗೋಚರಿಸುವುದು. ಇದೇ ಔಷಧಕ್ಕೆ ೨೦೦೮ರಲ್ಲಿ ಅರ್ಬುದದ ಎಚ್ಚರಿಕೆಯನ್ನು ಸೇರಿಸಲಾಯಿತು. ಮುಂದಿನ ಅಧ್ಯಯನಗಳ ಬಳಿಕ ೨೦೧೮ರಲ್ಲಿ ತೆಗೆಯಲಾಯಿತು. ಮಾನ್ಯತೆ ದೊರೆತ ಮೇಲೂ ಪರಿಶೀಲನೆ ನಿಲ್ಲುವುದಿಲ್ಲ.

ಇಂಥ ಶಂಕೆಗೆ ಕಾರಣವೂ ಇದೆ. ಗಾಯಕ್ಕೆ ಬೇಕಾದ ಹೊಸ ರಕ್ತನಾಳಗಳೇ ಅರ್ಬುದದ ಗಡ್ಡೆಯ ಬೆಳವಣಿಗೆಗೂ ಬೇಕು. ಇದಲ್ಲದೆ, 'ಸಂಶೋಧನೆಗೆ ಮಾತ್ರ' ಎಂಬ ಚೀಟಿ ಹೊತ್ತು ಮಾರಾಟವಾಗುವ ಶೀಷೆಗಳ ಶುದ್ಧತೆಗೆ ಯಾರೂ ಹೊಣೆಗಾರರಲ್ಲ. ಕ್ರೀಡಾ ನಿಯಮಗಳೂ ಕಠಿಣವಾಗಿವೆ. ಥೈಮೊಸಿನ್ ಬೀಟಾ-೪ರ ಸಂಬಂಧದಲ್ಲಿ ಆಸ್ಟ್ರೇಲಿಯದ ಎಸೆಂಡನ್ ಫುಟ್‌ಬಾಲ್ ತಂಡದಲ್ಲಿ ೨೦೧೨ರಲ್ಲಿ ಆಡಿದ್ದ ೩೪ ಮಂದಿಗೆ ೨೦೧೬ರ ಜನವರಿಯಲ್ಲಿ ನಿಷೇಧದ ಶಿಕ್ಷೆಯಾಯಿತು. ಬಿಪಿಸಿ-೧೫೭ ಅನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು ೨೦೨೨ರಲ್ಲಿ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿತು.

ಈ ಪೆಪ್ಟೈಡುಗಳು ನಿಷ್ಪ್ರಯೋಜಕವೆಂದು ತೀರ್ಪು ಕೊಡುವುದೂ ಅವಸರವೇ ಆದೀತು. ಇಲಿಯಿಂದ ಮನುಷ್ಯನವರೆಗಿನ ಮೆಟ್ಟಿಲುಗಳನ್ನು ಅವು ಇನ್ನೂ ಏರಬೇಕಾಗಿದೆ. ಅಲ್ಲಿಯವರೆಗೆ, ವೈದ್ಯರ ಸಲಹೆಯಂತೆ ವಿಶ್ರಾಂತಿ, ಸಾಕಷ್ಟು ಪ್ರೋಟೀನುಳ್ಳ ಆಹಾರ, ಹಂತಹಂತವಾಗಿ ಭಾರ ಹೆಚ್ಚಿಸುವ ವ್ಯಾಯಾಮ, ಇವೇ ಗಾಯಗೊಂಡ ಆಟಗಾರನ ನಂಬುಗೆಯ ನೆರವುಗಳು.