ಉತ್ಪನ್ನದ ದೋಷ ಮತ್ತು ಗ್ರಾಹಕರ ವಿಶ್ವಾಸ: ಎಕ್ಸ್‌ಬಾಕ್ಸ್ 360 ಪ್ರಕರಣದ ಅಧ್ಯಯನ

ಮಾರಾಟವಾದ ವಸ್ತು ಕೆಟ್ಟು ಹಿಂದಿರುಗುವುದು ವ್ಯಾಪಾರದಲ್ಲಿ ಹೊಸ ಸಂಗತಿಯೇನಲ್ಲ. ಮಿಕ್ಸರ್, ಸ್ಟೆಬಿಲೈಸರ್, ಪಂಪ್‌ಸೆಟ್, ಯುಪಿಎಸ್ ಹೀಗೆ ಯಾವುದನ್ನೇ ತಯಾರಿಸಿದರೂ ನೂರರಲ್ಲಿ ಕೆಲವು ದುರಸ್ತಿಗೆ ಬರುತ್ತವೆಂಬುದನ್ನು ನಮ್ಮ ಸದಸ್ಯರೆಲ್ಲರೂ ಬಲ್ಲರು. ಆದರೆ ಹಿಂದಿರುಗುವ ಸರಕಿನ ಪ್ರಮಾಣ ಎಣಿಕೆ ಮೀರಿದಾಗ ತಯಾರಕನು ಏನು ಮಾಡಬೇಕು? ದೋಷವನ್ನು ಯಾವಾಗ ಒಪ್ಪಿಕೊಳ್ಳಬೇಕು? ದುರಸ್ತಿಯ ಹೊರೆಯನ್ನು ಯಾರು ಹೊರಬೇಕು? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಮೈಕ್ರೋಸಾಫ್ಟ್ ಕಂಪೆನಿಯ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರದ ಪ್ರಕರಣವು ಅತ್ಯಂತ ಉಪಯುಕ್ತವಾದ ಪಾಠವಾಗಿದೆ. ಕಂಪೆನಿ ದೊಡ್ಡದು, ಮೊತ್ತವೂ ದೊಡ್ಡದು. ಆದರೆ ಅದು ಎದುರಿಸಿದ ಸಮಸ್ಯೆ ಹತ್ತು ಜನ ಕೆಲಸಗಾರರಿರುವ ಘಟಕಕ್ಕೂ ಬರಬಹುದಾದದ್ದೇ ಆಗಿದೆ.

ಪ್ರಕರಣದ ಹಿನ್ನೆಲೆ

ಎಕ್ಸ್‌ಬಾಕ್ಸ್ 360 ಯಂತ್ರವು 2005ರ ನವೆಂಬರ್ 22ರಂದು ಅಮೆರಿಕದ ಮಾರುಕಟ್ಟೆಗೆ ಬಂದಿತು. ಪ್ರತಿಸ್ಪರ್ಧಿಯಾದ ಸೋನಿಯ ಪ್ಲೇಸ್ಟೇಷನ್ 3 ಬರುವುದಕ್ಕೆ ಸುಮಾರು ಒಂದು ವರ್ಷ ಮೊದಲೇ ಅಂಗಡಿಗಳನ್ನು ಸೇರಿದ ಇದಕ್ಕೆ ಒಳ್ಳೆಯ ಬೇಡಿಕೆಯೂ ದೊರೆಯಿತು. 2006ರಲ್ಲಿ ಭಾರತದಲ್ಲಿಯೂ ಇದರ ಮಾರಾಟ ಆರಂಭವಾಯಿತು.

ಯಂತ್ರದ ಮುಂಭಾಗದ ಗುಂಡಿಯ ಸುತ್ತ ನಾಲ್ಕು ಭಾಗಗಳ ಬೆಳಕಿನ ಉಂಗುರವೊಂದಿತ್ತು. ಎಲ್ಲವೂ ಸರಿಯಿದ್ದರೆ ಅದು ಹಸಿರಾಗಿ ಬೆಳಗುತ್ತಿತ್ತು. ಒಳಗಿನ ಯಂತ್ರಾಂಶ ಕೈಕೊಟ್ಟಾಗ ಮೂರು ಭಾಗಗಳು ಕೆಂಪಾಗಿ ಮಿಟುಕುತ್ತಿದ್ದವು. ಮನೆಮನೆಗಳಲ್ಲಿ ಈ ಕೆಂಪು ದೀಪ ಕಾಣಿಸಿಕೊಳ್ಳತೊಡಗಿತು. ಗ್ರಾಹಕರು ಅದಕ್ಕೆ 'ಸಾವಿನ ಕೆಂಪು ಉಂಗುರ' ಎಂದು ಹೆಸರಿಟ್ಟರು. ತಯಾರಕರೇ ದೋಷ ತಿಳಿಸಲೆಂದು ಇಟ್ಟ ದೀಪವು ಅವರ ಅಪಕೀರ್ತಿಯ ಗುರುತಾಯಿತು.

ದೋಷದ ಕಾರಣ

ಬಹುಕಾಲ ಇದರ ನಿಜವಾದ ಕಾರಣವನ್ನು ಕಂಪೆನಿ ಬಹಿರಂಗಪಡಿಸಲಿಲ್ಲ. ಯೂರೋಪಿನಲ್ಲಿ 2006ರ ಜುಲೈ 1ರಿಂದ ಸೀಸದ ಬಳಕೆಗೆ ನಿರ್ಬಂಧ ಬಂದುದರಿಂದ ವಿದ್ಯುನ್ಮಾನ ಕೈಗಾರಿಕೆಯು ಸೀಸರಹಿತ ಬೆಸುಗೆಗೆ ಬದಲಾಗುತ್ತಿದ್ದ ಕಾಲವದು. ಅನೇಕ ತಂತ್ರಜ್ಞರು ಹೊಸ ಬೆಸುಗೆಯನ್ನೇ ದೂರಿದರು. 2021ರ ಡಿಸೆಂಬರ್‌ನಲ್ಲಿ ಕಂಪೆನಿಯೇ ಹೊರತಂದ ಸಾಕ್ಷ್ಯಚಿತ್ರದಲ್ಲಿ ಅದರ ಎಂಜಿನಿಯರುಗಳು ವಿಷಯವನ್ನು ವಿವರಿಸಿದರು. ಚಿಪ್ಪಿನ ಭಾಗಗಳನ್ನು ಜೋಡಿಸುವ ಸೂಕ್ಷ್ಮ ಸಂಪರ್ಕ ಬಿಂದುಗಳು ಬಿರುಕು ಬಿಡುತ್ತಿದ್ದವು. ಯಂತ್ರವನ್ನು ಹಚ್ಚಿದಾಗ ಅದು ಕಾಯುತ್ತದೆ, ಆರಿಸಿದಾಗ ತಣ್ಣಗಾಗುತ್ತದೆ. ಪ್ರತಿಯೊಂದು ವಸ್ತುವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಜೋಡಣೆಯ ಮೇಲೆ ಎಳೆತ ಬೀಳುತ್ತದೆ. ತಂತಿಯೊಂದನ್ನು ಅತ್ತಿಂದಿತ್ತ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುವ ಹಾಗೆ, ನೂರಾರು ಬಾರಿ ಹಚ್ಚಿ ಆರಿಸಿದ ಮೇಲೆ ಸಂಪರ್ಕ ಕಡಿದುಹೋಗುತ್ತಿತ್ತು.

ತಯಾರಕರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸರಕನ್ನು ಕಾರ್ಖಾನೆಯಲ್ಲಿ ಒಂದು ದಿನವಿಡೀ ಸತತವಾಗಿ ಓಡಿಸಿ ನೋಡಿದರೂ ಇಂತಹ ದೋಷ ಹೊರಬರುವುದಿಲ್ಲ. ಸತತ ಓಟದಲ್ಲಿ ಯಂತ್ರ ಒಮ್ಮೆ ಮಾತ್ರ ಕಾಯುತ್ತದೆ. ಗ್ರಾಹಕನ ಮನೆಯಲ್ಲಾದರೋ ಅದು ದಿನವೂ ಕಾದು ತಣಿಯುತ್ತದೆ. ಪರೀಕ್ಷೆಯು ಬಳಕೆಯ ರೀತಿಯನ್ನು ಹೋಲದಿದ್ದರೆ ಅದರಲ್ಲಿ ಉತ್ತೀರ್ಣವಾದ ಸರಕಿಗೂ ಬೆಲೆಯಿಲ್ಲ.

ಗ್ರಾಹಕರ ಪ್ರತಿಕ್ರಿಯೆ

ಅಮೆರಿಕದಲ್ಲಿ ಈ ಯಂತ್ರಕ್ಕೆ ಆರಂಭದಲ್ಲಿ ನೀಡಿದ್ದ ವಾರಂಟಿ ಕೇವಲ 90 ದಿನಗಳು. ಬೆಸುಗೆಯ ಬಿರುಕು ಸಾಮಾನ್ಯವಾಗಿ ಅವಧಿ ಮುಗಿದ ಮೇಲೆಯೇ ಕಾಣಿಸುತ್ತಿದ್ದುದರಿಂದ ಅನೇಕರು ತಮ್ಮದಲ್ಲದ ತಪ್ಪಿಗೆ ದುರಸ್ತಿ ಶುಲ್ಕ ತೆರಬೇಕಾಯಿತು. 2006ರ ಡಿಸೆಂಬರ್‌ನಲ್ಲಿ ವಾರಂಟಿಯನ್ನು ಒಂದು ವರ್ಷಕ್ಕೆ ಏರಿಸಲಾಯಿತಾದರೂ ದೂರುಗಳು ನಿಲ್ಲಲಿಲ್ಲ.

ತಯಾರಕನಿಂದ ಸರಿಯಾದ ಉತ್ತರ ಸಿಗದಿದ್ದಾಗ ಗ್ರಾಹಕನು ತನ್ನದೇ ಉಪಾಯ ಹುಡುಕುತ್ತಾನೆ. ಯಂತ್ರಕ್ಕೆ ದಪ್ಪ ಟವೆಲ್‌ಗಳನ್ನು ಸುತ್ತಿ, ಬೇಕೆಂದೇ ಅತಿಯಾಗಿ ಕಾಯಿಸಿ, ಆನಂತರ ತಣಿಸುವ ವಿಧಾನವೊಂದು ಬಾಯಿಂದ ಬಾಯಿಗೆ ಹರಡಿತು. ಬಿಸಿಗೆ ಹಿಗ್ಗಿದ ಭಾಗಗಳು ಒಂದಕ್ಕೊಂದು ತಾಗಿ ಯಂತ್ರ ಕೆಲವೊಮ್ಮೆ ಮತ್ತೆ ನಡೆಯುತ್ತಿತ್ತು. ಸ್ವಲ್ಪ ಕಾಲದಲ್ಲಿ ಮೊದಲಿಗಿಂತ ಹೆಚ್ಚಾಗಿ ಕೆಡುತ್ತಿತ್ತು. ಬೆಂಕಿಯ ಅಪಾಯವೂ ಇತ್ತು. ಇನ್ನು ಕೆಲವರು ಯಂತ್ರ ಬಿಚ್ಚಿ ಚಿಪ್ಪಿನ ಮೇಲಿನ ಕ್ಲ್ಯಾಂಪ್ ತೆಗೆದು ಸ್ಕ್ರೂ ಬಿಗಿದರು. ಬಿಚ್ಚಿದ ಕ್ಷಣಕ್ಕೇ ವಾರಂಟಿ ರದ್ದಾಗುತ್ತಿತ್ತು.

ಇಂತಹ ವರ್ತನೆ ಹೊಸದೇನೂ ಅಲ್ಲ. 1985ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊ ಯಂತ್ರದ ಕನೆಕ್ಟರ್ ಸಡಿಲವಾದಾಗ ಮಕ್ಕಳು ಆಟದ ಕಾರ್ಟ್ರಿಜ್‌ಗೆ ಬಾಯಿಂದ ಊದುತ್ತಿದ್ದರು. 1990ರ ದಶಕದಲ್ಲಿ ನಮ್ಮ ಊರುಗಳ ಮನೆಗಳಲ್ಲಿಯೂ ಟಿವಿಗೆ ಜೋಡಿಸುವ ವಿಡಿಯೋ ಗೇಮ್‌ನ 'ಕ್ಯಾಸೆಟ್' ತೆಗೆದು ಊದಿ ಮತ್ತೆ ಹಾಕುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಉಸಿರಿನ ತೇವದಿಂದ ಲೋಹದ ಸಂಪರ್ಕಗಳು ಕಿಲುಬು ಹಿಡಿಯುತ್ತವೆ. ಊದಿದ್ದರಿಂದ ಸರಿಹೋಯಿತೆಂದು ಕಂಡಲ್ಲಿ, ತೆಗೆದು ಮತ್ತೆ ಕೂರಿಸಿದ್ದರಿಂದಲೇ ಸಂಪರ್ಕ ಸರಿಯಾಗಿರುತ್ತಿತ್ತು.

ಕಂಪೆನಿಯ ನಿರ್ಧಾರ

2007ರ ಜುಲೈ 5ರಂದು ಮೈಕ್ರೋಸಾಫ್ಟ್ ತನ್ನ ನಿಲುವನ್ನು ಬದಲಿಸಿತು. ಮೂರು ಕೆಂಪು ದೀಪಗಳ ದೋಷಕ್ಕೆ ಖರೀದಿಯ ದಿನದಿಂದ ಮೂರು ವರ್ಷಗಳ ವಾರಂಟಿಯನ್ನು ಘೋಷಿಸಿತು. ಈಗಾಗಲೇ ಮಾರಾಟವಾದ ಯಂತ್ರಗಳಿಗೂ ಇದು ಅನ್ವಯಿಸಿತು. ಅದೇ ದೋಷಕ್ಕಾಗಿ ಹಿಂದೆ ಹಣ ತೆತ್ತವರಿಗೆ ಆ ಹಣವನ್ನು ಹಿಂದಿರುಗಿಸುವುದಾಗಿಯೂ ತಿಳಿಸಿತು. ಆಗ ಆ ವಿಭಾಗದ ಮುಖ್ಯಸ್ಥರಾಗಿದ್ದ ಪೀಟರ್ ಮೂರ್ ಅವರು ಗ್ರಾಹಕರಿಗೆ ಬಹಿರಂಗ ಪತ್ರ ಬರೆದು ಕ್ಷಮೆ ಕೋರಿದರು. ಈ ಬಾಬ್ತಿಗೆ 105 ಕೋಟಿಯಿಂದ 115 ಕೋಟಿ ಡಾಲರ್‌ಗಳಷ್ಟು ವೆಚ್ಚವನ್ನು ಜೂನ್ 30ಕ್ಕೆ ಮುಗಿದ ತ್ರೈಮಾಸಿಕದ ಲೆಕ್ಕದಲ್ಲಿಯೇ ತೋರಿಸಲಾಗುವುದೆಂದು ಪ್ರಕಟಿಸಲಾಯಿತು. ಕೆಟ್ಟ ಯಂತ್ರವನ್ನು ಕಳುಹಿಸಲು ಗ್ರಾಹಕನಿಗೆ ಖಾಲಿ ಪೆಟ್ಟಿಗೆಯನ್ನೂ ಸಾಗಣೆ ವೆಚ್ಚವನ್ನೂ ಕಂಪೆನಿಯೇ ಒದಗಿಸಿತು. ಆ ಪೆಟ್ಟಿಗೆಗೆ ಗ್ರಾಹಕರು 'ಶವಪೆಟ್ಟಿಗೆ' ಎಂಬ ಹೆಸರಿಟ್ಟರು.

ಇದರ ಫಲವೇನು? ಅದೇ ವರ್ಷದ ಸೆಪ್ಟೆಂಬರ್ 25ರಂದು ಬಿಡುಗಡೆಯಾದ ಹೇಲೋ 3 ಎಂಬ ಆಟವು ಅಮೆರಿಕದಲ್ಲಿ ಮೊದಲ ದಿನವೇ 17 ಕೋಟಿ ಡಾಲರ್‌ಗಳ ವ್ಯಾಪಾರ ಮಾಡಿತು. 2009ರಲ್ಲಿ ವಾರಂಟಿ ವ್ಯವಹಾರ ನಡೆಸುವ ಸ್ಕ್ವೇರ್‌ಟ್ರೇಡ್ ಸಂಸ್ಥೆಯು ತನ್ನಲ್ಲಿ ನೋಂದಾಯಿತವಾದ 16,000 ಯಂತ್ರಗಳನ್ನು ಪರಿಶೀಲಿಸಿ, ಎರಡು ವರ್ಷಗಳೊಳಗೆ ಕೆಟ್ಟವುಗಳ ಪ್ರಮಾಣ ಎಕ್ಸ್‌ಬಾಕ್ಸ್ 360ರಲ್ಲಿ ಶೇ. 23.7, ಪ್ಲೇಸ್ಟೇಷನ್ 3ರಲ್ಲಿ ಶೇ. 10, ನಿಂಟೆಂಡೊ ವೀ ಯಂತ್ರದಲ್ಲಿ ಶೇ. 2.7 ಎಂದು ವರದಿ ಮಾಡಿತು. ಇಷ್ಟು ಹೆಚ್ಚಿನ ವೈಫಲ್ಯವಿದ್ದರೂ ಗ್ರಾಹಕರು ಕಂಪೆನಿಯನ್ನು ತೊರೆಯಲಿಲ್ಲ. 2010ರಲ್ಲಿ ಹೊಸ ವಿನ್ಯಾಸದ ಯಂತ್ರ ಬಂದಿತು. 2016ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ 8 ಕೋಟಿ 40 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾಗಿದ್ದವು. ಗ್ರಾಹಕರನ್ನು ಉಳಿಸಿದ್ದರಲ್ಲಿ ಒಳ್ಳೆಯ ಆಟಗಳ ಪಾಲೂ ಇದೆ. ಆದರೆ ಕೆಟ್ಟ ಯಂತ್ರವನ್ನು ಉಚಿತವಾಗಿ ಸರಿಪಡಿಸಿ ಕೊಡದಿದ್ದರೆ ಆ ಆಟಗಳನ್ನು ಆಡಲು ಅವರಿಗೆ ಯಂತ್ರವೇ ಇರುತ್ತಿರಲಿಲ್ಲ.

ನಮ್ಮ ಲೆಕ್ಕಕ್ಕೆ ಇಳಿಸಿದಾಗ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಘಟಕವೊಂದು ತಿಂಗಳಿಗೆ 1,000 ಸ್ಟೆಬಿಲೈಸರ್‌ಗಳನ್ನು ತಯಾರಿಸಿ ಒಂದಕ್ಕೆ ರೂ. 200 ಲಾಭ ಪಡೆಯುತ್ತದೆ ಎಂದುಕೊಳ್ಳಿ. ಒಂದು ದುರಸ್ತಿಗೆ ಸಾಗಣೆಯೂ ಸೇರಿ ರೂ. 400 ತಗಲುತ್ತದೆ. ಶೇ. 3ರಷ್ಟು ಸರಕು ಹಿಂದಿರುಗಿದರೆ ವೆಚ್ಚ ರೂ. 12,000. ಶೇ. 24ರಷ್ಟು ಹಿಂದಿರುಗಿದರೆ ರೂ. 96,000, ಅಂದರೆ ಒಟ್ಟು ಲಾಭವಾದ ರೂ. 2,00,000ದಲ್ಲಿ ಸುಮಾರು ಅರ್ಧ ಭಾಗ. ಮೈಕ್ರೋಸಾಫ್ಟ್‌ನಂತಹ ಕಂಪೆನಿ ಇಂತಹ ಪೆಟ್ಟನ್ನು ತಾಳಿಕೊಂಡಿತು. ಬ್ಯಾಂಕ್ ಸಾಲದ ಕಂತು ಕಟ್ಟಬೇಕಾದ ಸಣ್ಣ ಘಟಕ ತಾಳಲಾರದು. ಆದುದರಿಂದ ದೊಡ್ಡವರಿಗಿಂತ ಸಣ್ಣ ಉದ್ದಿಮೆದಾರರೇ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು.

ಕಲಿಯಬೇಕಾದ ಪಾಠಗಳು

1. ಹಿಂದಿರುಗಿದ ಸರಕಿನ ಪುಸ್ತಕವಿಡಿ. ಸರಕಿನ ಸಂಖ್ಯೆ, ತಯಾರಾದ ದಿನ, ಮಾರಿದ ದಿನ, ದೋಷದ ವಿವರ ಇಷ್ಟಿದ್ದರೆ ಸಾಕು. ಒಂದೇ ಬಗೆಯ ದೋಷ ಮರುಕಳಿಸಿದರೆ ಅದು ಬಿಡಿ ದೂರಲ್ಲ, ವಿನ್ಯಾಸದ್ದೋ ಕಚ್ಚಾಮಾಲಿನದೋ ದೋಷವೆಂದು ತಿಳಿಯಬೇಕು.

2. ಪರೀಕ್ಷೆಯನ್ನು ಬಳಕೆಗೆ ತಕ್ಕಂತೆ ಮಾಡಿ. ವಿದ್ಯುತ್ ಉಪಕರಣಗಳನ್ನು ಹಚ್ಚಿ ಆರಿಸುವ, ಕಾಯಿಸಿ ತಣಿಸುವ ಪರೀಕ್ಷೆಗೂ ಒಳಪಡಿಸಿ. ಬೆಸುಗೆಯನ್ನಾಗಲಿ ಬಿಡಿಭಾಗವನ್ನಾಗಲಿ ಬದಲಿಸಿದಾಗ ಹಳೆಯ ಪರೀಕ್ಷಾ ಫಲಿತಾಂಶವನ್ನು ನೆಚ್ಚಬೇಡಿ.

3. ವಾರಂಟಿಗೆ ಮೊದಲೇ ಹಣ ತೆಗೆದಿಡಿ. ಮಾರಾಟ ಮಾಡಿದಾಗಲೇ ಮುಂದಿನ ದುರಸ್ತಿ ವೆಚ್ಚವನ್ನು ಅಂದಾಜಿಸಿ ಲೆಕ್ಕದಲ್ಲಿ ತೋರಿಸುವ ವಿಧಾನವನ್ನು ನಮ್ಮ ದೇಶದ ಲೆಕ್ಕಪತ್ರ ಮಾನದಂಡ 29 ವಿವರಿಸುತ್ತದೆ. ಈ ಬಗ್ಗೆ ತಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸುವುದು ಒಳಿತು.

4. ವ್ಯಾಪಾರಿಗಳು ಕಾನೂನನ್ನು ತಿಳಿದಿರಿ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆಯನ್ನು ತಯಾರಕನ ಮೇಲಷ್ಟೇ ಹೊರಿಸುವುದಿಲ್ಲ. ಮಾರಾಟಗಾರನು ತಾನಾಗಿ ಪ್ರತ್ಯೇಕ ಖಾತರಿ ನೀಡಿದ್ದರೆ, ಸರಕನ್ನು ಮಾರ್ಪಡಿಸಿ ಅದರಿಂದ ಹಾನಿಯಾದರೆ, ತಯಾರಕನು ಯಾರೆಂದೇ ತಿಳಿಯದಿದ್ದರೆ ಅವನೂ ಹೊಣೆಗಾರನಾಗಬಹುದು. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಆದುದರಿಂದ ಅಂಗಡಿಯ ಹೆಸರಿನಲ್ಲಿ ಬಾಯಿಮಾತಿನ ಗ್ಯಾರಂಟಿ ನೀಡುವ ಮೊದಲು ಯೋಚಿಸಬೇಕು.

5. ಒಪ್ಪಿಕೊಳ್ಳುವುದಾದರೆ ಬೇಗ ಒಪ್ಪಿಕೊಳ್ಳಿ. ಮೈಕ್ರೋಸಾಫ್ಟ್ ಮೊದಲ ವರ್ಷದಲ್ಲಿಯೇ ದೋಷವನ್ನು ಒಪ್ಪಿಕೊಂಡಿದ್ದರೆ ಟವೆಲ್ ಸುತ್ತುವ ಪ್ರಸಂಗವೂ ಅಪಹಾಸ್ಯದ ಹೆಸರುಗಳೂ ಅಷ್ಟಾಗಿ ಹಬ್ಬುತ್ತಿರಲಿಲ್ಲ. ಸರಿಯಾದ ಉಪಾಯವನ್ನು ನಾವು ಹೇಳಿಕೊಡದಿದ್ದರೆ ಗ್ರಾಹಕನು ತಪ್ಪು ಉಪಾಯವನ್ನು ನೆರೆಯವನಿಂದ ಕಲಿಯುತ್ತಾನೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ನಮ್ಮ ಹಿರಿಯರ ಮಾತು. ಈ ಪ್ರಕರಣದಲ್ಲಿ ಆನೆಯನ್ನೇ ಕೊಟ್ಟು ಮಾನ ಉಳಿಸಿಕೊಂಡ ಕಂಪೆನಿಯೊಂದನ್ನು ಕಂಡೆವು. ಕೊಡಲು ಆನೆಯಿಲ್ಲದ ನಾವು ಅಡಿಕೆಯ ಹಂತದಲ್ಲಿಯೇ ಜಾಗರೂಕರಾಗಿರುವುದು ಜಾಣತನ. ಸದಸ್ಯರು ಈ ತಿಂಗಳು ತಮ್ಮ ಘಟಕಕ್ಕೆ ಅಥವಾ ಅಂಗಡಿಗೆ ಹಿಂದಿರುಗಿದ ಸರಕನ್ನು ಒಂದು ಕಡೆ ಇಟ್ಟು, ಅವುಗಳಲ್ಲಿ ಎಷ್ಟು ಒಂದೇ ಕಾರಣಕ್ಕೆ ಕೆಟ್ಟಿವೆ ಎಂದು ಎಣಿಸಿ ನೋಡಲಿ. ಆ ಎಣಿಕೆಯಿಂದಲೇ ಈ ಪಾಠದ ಅಭ್ಯಾಸ ಆರಂಭವಾಗುತ್ತದೆ.