ಲಿನಕ್ಸ್ ಸರ್ವರ್: ಪ್ರಾಯೋಗಿಕ ಜಾಲ ಸೌಲಭ್ಯಗಳನ್ನು ಚಾಲನೆಗೊಳಿಸುವ ಮುನ್ನ

ಸಣ್ಣ ಕಾರ್ಖಾನೆಗಳಲ್ಲಿಯೂ ಸಗಟು ಮಳಿಗೆಗಳಲ್ಲಿಯೂ ಲೆಕ್ಕಪತ್ರ, ದಾಸ್ತಾನು ಹಾಗೂ ವಿತರಕರ ಬೇಡಿಕೆಗಳನ್ನು ಲಿನಕ್ಸ್ ಸರ್ವರ್ ಮೂಲಕ ನಿರ್ವಹಿಸುವುದುಂಟು. ಲಿನಕ್ಸಿನ ತಿರುಳಾದ ‘ಕರ್ನಲ್’ ಎಂಬ ತಂತ್ರಾಂಶವೇ ಜಾಲದ ಸಂಪರ್ಕಗಳನ್ನೂ ನಡೆಸುತ್ತದೆ. ಕರ್ನಲ್‌ನ ಹೊಸ ಸೌಲಭ್ಯವೊಂದನ್ನು ಚಾಲನೆಗೊಳಿಸಿದರೆ ಸರ್ವರ್ ಚುರುಕಾಗುತ್ತದೆಂದು ನಿರ್ವಹಣಾ ಗುತ್ತಿಗೆಯ ತಂತ್ರಜ್ಞರು ಸೂಚಿಸಿದಾಗ ಒಪ್ಪಿಗೆ ನೀಡಬೇಕಾದವರು ಮಾಲೀಕರು. ತಮಗೆ ತಂತ್ರಜ್ಞಾನ ತಿಳಿಯದೆಂದು ಅವರು ಈ ನಿರ್ಧಾರವನ್ನು ಪೂರ್ತಿಯಾಗಿ ಬಿಟ್ಟುಕೊಡುವುದು ಸರಿಯಲ್ಲ. ಸಂಪರ್ಕ ತಪ್ಪಿದರೆ ಕೈಬಿಡುವುದು ಅವರ ವ್ಯಾಪಾರವೇ.

‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಅಪೂರ್ಣ ಭಾಗಗಳನ್ನು ಗುರುತಿಸಲು ಕರ್ನಲ್‌ನಲ್ಲಿ ಹಿಂದೆ ಇದೇ ಹೆಸರಿನ ಒಂದು ಸಾಮಾನ್ಯ ಆಯ್ಕೆಯಿತ್ತು. ಬಹುತೇಕ ವಿತರಣಾ ಆವೃತ್ತಿಗಳು ಅದನ್ನು ಹೇಗೂ ಚಾಲನೆಯಲ್ಲಿಟ್ಟಿದ್ದುದರಿಂದ ಅದಕ್ಕೆ ಅರ್ಥ ಉಳಿಯಲಿಲ್ಲ. 2012-13ರ ಅವಧಿಯಲ್ಲಿ ಅಭಿವೃದ್ಧಿಕಾರರು ಅದನ್ನು ಕೈಬಿಟ್ಟರು. ಕೆಲವು ಸೌಲಭ್ಯಗಳ ವಿವರಣೆಯಲ್ಲಿ ಆ ಪದ ಬಿಡಿಯಾಗಿ ಉಳಿದುಕೊಂಡಿತು. ಹಣೆಪಟ್ಟಿಯೇ ಇಲ್ಲದ ಸೌಲಭ್ಯಗಳೂ ಹಾನಿ ಮಾಡಿದ್ದುಂಟು.

ಇದಕ್ಕೆ ಉತ್ತಮ ನಿದರ್ಶನ ‘ಟಿಸಿಪಿ ಟಿಡಬ್ಲ್ಯು ರೀಸೈಕಲ್’ ಎಂಬ ಆಯ್ಕೆ. ಒಂದು ಸಂಪರ್ಕ ಮುಗಿದ ಮೇಲೆ, ಅದನ್ನು ಮುಕ್ತಾಯಗೊಳಿಸಿದ ಕಡೆಯ ಲಿನಕ್ಸ್ ಯಂತ್ರವು ಸುಮಾರು 60 ಸೆಕೆಂಡುಗಳ ಕಾಲ ಅದರ ಗುರುತನ್ನು ಇಟ್ಟುಕೊಂಡಿರುತ್ತದೆ. ದಾರಿಯಲ್ಲಿ ತಡವಾದ ಹಳೆಯ ಮಾಹಿತಿ ಹೊಸ ಸಂಪರ್ಕದೊಳಗೆ ನುಸುಳದಿರಲೆಂಬುದು ಇದರ ಉದ್ದೇಶ. ದಟ್ಟಣೆಯ ಸರ್ವರಿನಲ್ಲಿ ಇಂತಹ ಗುರುತುಗಳು ಸಾವಿರಗಟ್ಟಲೆ ಸೇರುತ್ತವೆ. ಈ ಆಯ್ಕೆಯು ಅವುಗಳನ್ನು ಬೇಗನೆ ತೆರವುಗೊಳಿಸುತ್ತಿತ್ತು. ಮೇಲ್ನೋಟಕ್ಕೆ ಲಾಭವೇ ಹೊರತು ನಷ್ಟವಿಲ್ಲ. ಹೀಗಾಗಿ ‘ವೇಗವರ್ಧನೆ’ಯ ಸಲಹೆಪಟ್ಟಿಗಳಲ್ಲಿ ಇದು ವರ್ಷಾನುಗಟ್ಟಲೆ ಸ್ಥಾನ ಪಡೆದಿತ್ತು.

ತೊಡಕು ಇದ್ದುದು ಅದರ ವಿಧಾನದಲ್ಲಿ. ಪ್ರತಿಯೊಂದು ವಿಳಾಸದಿಂದ ಕೊನೆಯದಾಗಿ ಬಂದ ಕಾಲಮುದ್ರೆಯನ್ನು ಕರ್ನಲ್ ನೆನಪಿಟ್ಟುಕೊಂಡು, ಅದಕ್ಕಿಂತ ಕಡಿಮೆ ಸಂಖ್ಯೆ ಹೊತ್ತ ಹೊಸ ಸಂಪರ್ಕದ ಕೋರಿಕೆಯನ್ನು ತಿರಸ್ಕರಿಸುತ್ತಿತ್ತು. ಆದರೆ ಕಚೇರಿಯೊಂದರ ಹತ್ತು ಗಣಕಗಳು ಒಂದೇ ಬ್ರಾಡ್‌ಬ್ಯಾಂಡ್ ಹಂಚಿಕೊಂಡಾಗ ಹೊರಗೆ ಕಾಣುವುದು ಒಂದೇ ವಿಳಾಸ. ಕಾಲಮುದ್ರೆಗಳು ಮಾತ್ರ ಹತ್ತು ಬಗೆ. ಒಂದೇ ಅಂಗಡಿಯ ಹತ್ತು ಗುಮಾಸ್ತರು ಹತ್ತು ಬಿಲ್ ಪುಸ್ತಕಗಳಲ್ಲಿ ಬರೆಯುತ್ತಿದ್ದರೆ, 900ನೆಯ ಬಿಲ್ ಕಂಡ ಲೆಕ್ಕಿಗ ಅನಂತರ ಬಂದ 120ನೆಯ ಬಿಲ್ ಹಳೆಯದೆಂದು ಬದಿಗೆಸೆದಂತೆ. ಎಸೆದನೆಂಬುದನ್ನು ಯಾರಿಗೂ ಹೇಳುವುದೂ ಇಲ್ಲ. ವಿತರಕರ ಕಚೇರಿಯಲ್ಲಿ ಒಬ್ಬರಿಗೆ ಪುಟ ತೆರೆಯುತ್ತದೆ, ಪಕ್ಕದವರಿಗೆ ತೆರೆಯುವುದಿಲ್ಲ. ವಿಂಡೋಸ್ ಗಣಕಗಳು ಸಾಮಾನ್ಯವಾಗಿ ಕಾಲಮುದ್ರೆ ಕಳುಹಿಸದ ಕಾರಣ ಪಾರಾಗುತ್ತಿದ್ದವು, ಮೊಬೈಲ್‌ಗಳು ಸಿಕ್ಕಿಬೀಳುತ್ತಿದ್ದವು. ಸರ್ವರ್ ಇರುವ ಕೊಠಡಿಯಲ್ಲಿ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ತಜ್ಞರ ಸಲಹೆಯಿಲ್ಲದೆ ಈ ಆಯ್ಕೆಯನ್ನು ಬದಲಿಸಬಾರದೆಂದು ಕರ್ನಲ್‌ನ ಕೈಪಿಡಿಯಲ್ಲಿಯೇ ಎಚ್ಚರಿಕೆಯಿತ್ತು. ಕೊನೆಗೆ 2017ರಲ್ಲಿ, 4.12ನೆಯ ಆವೃತ್ತಿಯಿಂದ, ಇದನ್ನು ತೆಗೆದುಹಾಕಲಾಯಿತು.

ಎದುರು ಬದಿಯ ಉಪಕರಣಗಳೂ ಲೆಕ್ಕಕ್ಕೆ ಬರುತ್ತವೆ. ದಟ್ಟಣೆಯ ಮುನ್ಸೂಚನೆ ನೀಡುವ ‘ಇಸಿಎನ್’ ವಿಧಾನ 2001ರಲ್ಲಿ ಲಿನಕ್ಸ್ 2.4ರೊಂದಿಗೆ ಬಂದಾಗ, ಅದರ ಗುರುತನ್ನು ಅರಿಯದ ಅನೇಕ ಫೈರ್‌ವಾಲ್‌ಗಳು ಸಂಪರ್ಕವನ್ನೇ ಕಡಿದುಹಾಕಿದವು. ವಿಧಾನದಲ್ಲಿ ದೋಷವಿರಲಿಲ್ಲ. ಆದರೂ ಇತರರು ಕೋರಿದರೆ ಒಪ್ಪುವುದು, ತಾನಾಗಿ ಕೋರದಿರುವುದು ಎಂಬ ನಡುದಾರಿಯನ್ನು ಕರ್ನಲ್ ಅನಂತರ ಹಿಡಿಯಿತು.

ಹಳೆಯದೆಲ್ಲ ಸುರಕ್ಷಿತವೆಂದೂ ಭಾವಿಸಬೇಕಾಗಿಲ್ಲ. ‘ಸ್ಯಾಕ್’ ಎಂಬ ಸುಸ್ಥಾಪಿತ ಸೌಲಭ್ಯದ ನಿರ್ವಹಣೆಯಲ್ಲಿ ಅಡಗಿದ್ದ ದೋಷವೊಂದು 2019ರ ಜೂನ್‌ನಲ್ಲಿ ಬಯಲಾಯಿತು. ಅದನ್ನು ಬಳಸಿ ದೂರದಿಂದಲೇ ಸರ್ವರನ್ನು ಸ್ಥಗಿತಗೊಳಿಸಬಹುದಾಗಿತ್ತು. ಅಂದು ಬೇಕಾಗಿದ್ದುದು ದುರಸ್ತಿ ಮಾಡಿದ ಕರ್ನಲ್. ಅದು ಕೈಸೇರುವವರೆಗೆ ಆ ಸೌಲಭ್ಯವನ್ನೇ ನಿಲ್ಲಿಸಿಡುವುದು ತಾತ್ಕಾಲಿಕ ಉಪಾಯಗಳಲ್ಲೊಂದಾಗಿತ್ತು. ಸ್ವಂತ ಕರ್ನಲ್ ಕಟ್ಟಿಕೊಂಡ ಸಂಸ್ಥೆಗೆ ಇಂತಹ ದುರಸ್ತಿಯೂ ಸ್ವಂತ ಹೊಣೆ. ವಿತರಣಾ ಕಂಪನಿಯ ಕರ್ನಲ್ ಬಳಸುವವರಿಗೆ ಅದು ಅಲ್ಲಿಂದಲೇ ಬರುತ್ತದೆ. ‘ರೆಡ್ ಹ್ಯಾಟ್’ ಸಂಸ್ಥೆಯು ‘ಟೆಕ್ನಾಲಜಿ ಪ್ರಿವ್ಯೂ’ ಎಂದು ಗುರುತಿಸುವ ಸೌಲಭ್ಯಗಳಿಗೆ ದೈನಂದಿನ ವಹಿವಾಟಿನ ಬಳಕೆಯಲ್ಲಿ ಪೂರ್ಣ ಬೆಂಬಲ ದೊರೆಯುವುದಿಲ್ಲ ಎಂಬುದನ್ನೂ ಗುತ್ತಿಗೆಗೆ ಸಹಿ ಹಾಕುವಾಗ ಗಮನಿಸತಕ್ಕದ್ದು.

ಆದ್ದರಿಂದ ತಂತ್ರಜ್ಞರನ್ನು ಮೊದಲು ಕೇಳಬೇಕಾದುದು: ಈ ಸೌಲಭ್ಯದಿಂದ ಯಾವ ತೊಂದರೆ ನೀಗುತ್ತದೆ, ಮತ್ತು ಆ ತೊಂದರೆ ಇರುವುದಕ್ಕೆ ಅಳತೆಯ ಆಧಾರವೇನು? ದಿನಕ್ಕೆ ಕೆಲವು ನೂರು ಬೇಡಿಕೆ ಪಡೆಯುವ ಸರ್ವರಿಗೆ ಲಕ್ಷಾಂತರ ಸಂಪರ್ಕಗಳ ಉಪಾಯ ಅನಗತ್ಯ. ಎರಡನೆಯದು, ಹಿಂದಿರುಗುವ ದಾರಿ. ಸರ್ವರ್ ನಡೆಯುತ್ತಿರುವಾಗಲೇ ‘ಸಿಸ್ಕಂಟ್ರೋಲ್’ ಆದೇಶದಿಂದ ಮಾಡಿದ ಬದಲಾವಣೆ ಪುನರಾರಂಭಿಸಿದೊಡನೆ ಅಳಿದುಹೋಗುತ್ತದೆ. ಪ್ರಯೋಗದ ಹಂತದಲ್ಲಿ ಇದು ಅನುಕೂಲವೇ. ಕೆಲವು ವಾರ ಸರಿಯಾಗಿ ನಡೆದ ಮೇಲೆಯೇ ಅದನ್ನು ಸಂರಚನಾ ಕಡತದಲ್ಲಿ ಬರೆಯಿಸುವುದು ಮೇಲು. ಕರ್ನಲನ್ನೇ ಬದಲಿಸುವುದಾದರೆ ಹಳೆಯದನ್ನು ಆರಂಭಪಟ್ಟಿಯಲ್ಲಿ ಉಳಿಸಿಕೊಳ್ಳತಕ್ಕದ್ದು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿಸಿ, ದಿನಾಂಕವನ್ನೂ ಹಳೆಯ ಮೌಲ್ಯವನ್ನೂ ಪುಸ್ತಕದಲ್ಲಿ ಬರೆದಿಡುವುದು ಒಳಿತು. ಜಿಎಸ್‌ಟಿ ವಿವರಪತ್ರ ಸಲ್ಲಿಸುವ ಕೊನೆಯ ದಿನಗಳು ಹಾಗೂ ತಿಂಗಳ ಕೊನೆಯ ವಾರ ಇದಕ್ಕೆ ತಕ್ಕ ಸಮಯವಲ್ಲ. ಪರೀಕ್ಷೆಯನ್ನು ಹೊರಗಿನಿಂದಲೇ, ಅಂದರೆ ಶಾಖೆಯಿಂದ, ವಿತರಕರ ಕಚೇರಿಯಿಂದ, ಬೇರೆ ಬೇರೆ ಕಂಪನಿಗಳ ಮೊಬೈಲ್ ಸಂಪರ್ಕಗಳಿಂದ ಮಾಡಿಸಬೇಕು. ‘ನೆಟ್‌ಸ್ಟಾಟ್’ ಆದೇಶವು ತಿರಸ್ಕೃತ ಸಂಪರ್ಕಗಳ ಎಣಿಕೆಯನ್ನು ನೀಡುತ್ತದೆ. ಬದಲಾವಣೆಗೆ ಮೊದಲಿನ ವಾರದ ಮತ್ತು ಅನಂತರದ ವಾರದ ಎಣಿಕೆಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಡುವಂತೆ ತಂತ್ರಜ್ಞರಿಗೆ ಮೊದಲೇ ತಿಳಿಸಬಹುದು.